ಅರ್ಧ ಡಾಲರಿನ ಲಕ್ಷ್ಮಿ

ನಮ್ಮ ಮನೆಯಲ್ಲಿ ದೀಪಾವಳಿಗೆ ಪೂಜೆಗೊಳ್ಳುತ್ತಿದ್ದ ಲಕ್ಷ್ಮಿ ಅಮೆರಿಕದವಳು. ಹೀಗೆ ಹೇಳಿದರೆ ನನ್ನ ಮೊಮ್ಮಗಳು ಪಿಂಕಿ, "ಅಜ್ಜಿ, ಏನರ ಹಾರಸಬ್ಯಾಡ" ಎನ್ನುತ್ತಾಳೆ. ಹಾರಿಸುವುದರಲ್ಲಿ ನನಗೆ ಹೆಸರಿದೆ, ಒಪ್ಪಿದೆ. ಆದರೆ ಇದು ಹಾರಿಸಿದ್ದಲ್ಲ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಅವಳೇ ಮೊನ್ನೆ ಕಲಿಸಿದ್ದಾಳೆ. ಕೋಳಿ ಕಾಳು ಹೆಕ್ಕಿದಂತೆ ಒಂದೇ ಬೆರಳಿನಿಂದ ಒತ್ತುತ್ತೇನೆ. ಕಲಿಸಿದ ತಪ್ಪಿಗೆ ಇದನ್ನು ಮೊದಲು ಅವಳೇ ಓದಲಿ.

ಅಕ್ಕಲಕೋಟೆಯ ನಮ್ಮ ಮನೆ ರೈಲಿನ ಡಬ್ಬಿಗಳ ಹಾಗೆ, ಒಂದರ ಹಿಂದೆ ಒಂದು ಕೋಣೆ. ಬೀದಿಗೆ ಮುತ್ಯಾನ ಹೊಲಿಗೆ ಅಂಗಡಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಕೊನೆಯ ಗೋಡೆಗೆ ದೇವರ ಜಗಲಿ. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಬೀದಿಯಲ್ಲಿ ನಿಂತವರಿಗೆ ಜಗಲಿಯ ದೀಪ ಕಾಣುತ್ತಿತ್ತು. ಜಗಲಿಯ ಮುಂದೆ ಕುಳಿತ ಆಯಿಗೆ ಬೀದಿಯಲ್ಲಿ ಯಾರು ಯಾರ ಜೊತೆ ನಿಂತು ಮಾತಾಡುತ್ತಾರೆ ಎಂಬುದು ಕಾಣುತ್ತಿತ್ತು. ಆಕೆಯ ಜಪ ಯಾಕೆ ಅಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ, ಆಯಿ ಎಂದರೆ ಅಪ್ಪನ ಅವ್ವ. ನಮ್ಮ ಮರಾಠಿ ನೆರೆಯವರಿಗೆ ಆಯಿ ಎಂದರೆ ಹೆತ್ತ ತಾಯಿ. ಹಾಗಾಗಿ ನಾನು ಎಲ್ಲಿ ಪೆಟ್ಟು ತಪ್ಪಿಸಿಕೊಳ್ಳಬೇಕಾದರೂ "ಆಯಿ ಕರದಾಳ" ಎಂದು ಓಡಿಬಿಡುತ್ತಿದ್ದೆ. ಯಾವ ಆಯಿ ಎಂದು ಅವರು ವಿಚಾರ ಮಾಡುವಷ್ಟರಲ್ಲಿ ನಾನು ಮನೆ ಸೇರಿರುತ್ತಿದ್ದೆ. ಅಪ್ಪ ಸೋಲಾಪುರದ ಒಂದು ಮಿಲ್ಲಿನ ಕಚೇರಿಯಲ್ಲಿ ಕಾರಕೂನ. ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದ. ಅವ್ವ ಒಲೆಯ ಮುಂದೆ. ಮುತ್ಯಾನ ಅಂಗಡಿಯ ಎರಡನೆಯ ಮಷೀನಿನ ಮುಂದೆ ಶಾಂತಾ ಅತ್ಯಾ, ಅಪ್ಪನ ತಂಗಿ. ಮ್ಯಾಟ್ರಿಕ್ ಪಾಸಾಗಿ ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನಾನು ಅವಳ ಪಕ್ಕದಲ್ಲಿ, ಅವಳದೇ ಚಾದರದಲ್ಲಿ ಮಲಗುತ್ತಿದ್ದೆ. ಅವಳ ಕೈಗೆ ಮಷೀನಿನ ಎಣ್ಣೆಯ ವಾಸನೆ. ಆ ವಾಸನೆ ಇಲ್ಲದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಮುತ್ಯಾ ಹರೆಯದಲ್ಲಿ, ದೊಡ್ಡ ಯುದ್ಧದ ಕಾಲಕ್ಕೆ, ಅಸ್ಸಾಮಿನ ಕಡೆ ಫೌಜಿನ ಟೇಲರ್ ಆಗಿ ಹೋಗಿದ್ದ. ಅಲ್ಲಿ ಅಮೆರಿಕದ ಸಿಪಾಯಿಗಳ ಡೇರೆಗಳಿದ್ದವಂತೆ. ಊರಿಗೆ ಹೊರಟ ಒಬ್ಬ ಸಿಪಾಯಿ, ತನ್ನ ಕೋಟಿಗೆ ಚೆಂದವಾಗಿ ಗುಂಡಿ ಕೂರಿಸಿಕೊಟ್ಟದ್ದಕ್ಕೆ, ನೆನಪಿಗಿರಲಿ ಎಂದು ಕಿಸೆಯಿಂದ ಒಂದು ನಾಣ್ಯ ತೆಗೆದುಕೊಟ್ಟ. ಬೆಳ್ಳಿಯ ಅರ್ಧ ಡಾಲರ್. ನಮ್ಮ ಹಳೆಯ ರಾಣಿ ರೂಪಾಯಿಯಷ್ಟೇ ಅಗಲ, ತೂಕದಲ್ಲಿ ತುಸು ಹೆಚ್ಚು. ಅಂದಿನಿಂದ ಮುತ್ಯಾನಿಗೆ ಅದರ ಹುಚ್ಚು ಹತ್ತಿತು. ಬೇರೆ ಯಾವ ನಾಣ್ಯವೂ ಬೇಡ, ಹೈದರಾಬಾದಿನ ರೂಪಾಯಿ ಕೊಟ್ಟರೂ ಬೇಡ. ಅಮೆರಿಕದ ಬೆಳ್ಳಿಯ ಅರ್ಧ ಡಾಲರ್ ಮಾತ್ರ. ಅಸ್ಸಾಮಿನಿಂದ ಮರಳುವಾಗ ಅಂಥ ನಾಲ್ಕು ತಂದಿದ್ದ. ಉಳಿದವು ಸೋಲಾಪುರದ ಬೆಳ್ಳಿ ಬಂಗಾರದ ಪೇಟೆಯಾದ ಸರಾಫ ಕಟ್ಟೆಯಿಂದ ಬಂದವು. ಮುಂಬಯಿಯಿಂದ ಕರಗಿಸಲು ಬರುತ್ತಿದ್ದ ಬೆಳ್ಳಿಯ ಗಂಟಿನಲ್ಲಿ ಎಲ್ಲೆಲ್ಲಿಯವೋ ನಾಣ್ಯಗಳಿರುತ್ತಿದ್ದವು. ಅವುಗಳಲ್ಲಿ ಇದೊಂದು ಸಿಕ್ಕರೆ ಮುತ್ಯಾನ ಪರಿಚಯದ ಸರಾಫ ಮೂಸೆಗೆ ಹಾಕದೆ ತೆಗೆದಿಡುತ್ತಿದ್ದ. ಎಲ್ಲವೂ ಮುತ್ಯಾನ ಮಷೀನಿನ ಕೆಳಗಿನ ಖಾನೆಯಲ್ಲಿ, ಮಖಮಲ್ಲಿನ ಚೂರಿನಿಂದ ತಾನೇ ಹೊಲಿದ ಚೀಲದಲ್ಲಿ ಇರುತ್ತಿದ್ದವು.

ಆ ನಾಣ್ಯದ ಮೇಲೆ ಒಬ್ಬ ಹೆಂಗಸು. ಒಂದು ಕೈ ಮುಂದೆ ಚಾಚಿದ್ದಾಳೆ, ಇನ್ನೊಂದು ತೋಳಿನಲ್ಲಿ ಎಲೆಗಳ ಕಟ್ಟು, ಬೆನ್ನ ಮೇಲೆ ನಕ್ಷತ್ರಗಳಿರುವ ಸೆರಗು, ಕಾಲ ಬಳಿ ಹುಟ್ಟುತ್ತಿರುವ ಸೂರ್ಯ. ತಿರುಗಿಸಿದರೆ ರೆಕ್ಕೆ ಎತ್ತಿದ ಹದ್ದು. ಮುತ್ಯಾ ಅಸ್ಸಾಮಿನಿಂದ ಬಂದ ದಿನವೇ ಆಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಎದ್ದು ಕೈಕಾಲು ತೊಳೆದು ಬಂದಳಂತೆ. ಚಾಚಿದ ಕೈ ಆಶೀರ್ವಾದ ಮಾಡುತ್ತಿದೆ. ತೋಳಿನಲ್ಲಿ ಇರುವುದು ಜೋಳದ ತೆನೆ. ಹಿಂದೆ ಗರುಡ. ಇನ್ನೇನು ಸಾಕ್ಷಿ ಬೇಕು? ಗಂಡನ ಜೊತೆ ಲಕ್ಷ್ಮಿ ಬಂದಿದ್ದಳು. ಆ ವರ್ಷದಿಂದ ದೀಪಾವಳಿಯ ಅಮಾವಾಸ್ಯೆಗೆ ತಾಟಿನಲ್ಲಿ ಅಕ್ಕಿ ಹರವಿ, ಈ ಹೆಂಗಸಿನ ನಾಣ್ಯಗಳನ್ನು ಹಾಲಿನಲ್ಲಿ ತೊಳೆದು ಕೂಡಿಸಿ, ಅರಿಷಿಣ ಕುಂಕುಮ ಏರಿಸಿ, ಪಕ್ಕದಲ್ಲಿ ಹೊಸ ಕಸಬರಿಗೆಗೂ ಕುಂಕುಮ ಹಚ್ಚಿ, ಅರಳು ಬತ್ತಾಸಿನ ನೈವೇದ್ಯ. ಮುತ್ಯಾನ ಚೀಲದಲ್ಲಿ ಬೇರೆ ಅರ್ಧ ಡಾಲರುಗಳೂ ಇದ್ದವು, ಒಬ್ಬ ಬೋಳುತಲೆಯ ಮುದುಕನವು. ಅವಕ್ಕೆ ತಾಟಿನಲ್ಲಿ ಜಾಗವಿರಲಿಲ್ಲ.

"ಅವನೂ ಬೆಳ್ಳಿನ ಅಲಾ? ಹಿಂದ ಗಂಟಿ ಅದ ನೋಡು" ಎಂದು ಮುತ್ಯಾ ಒಮ್ಮೆ ವಕೀಲಿ ಮಾಡಿದ.

"ಗಂಟಿ ಸೀಳ್ಯದ. ಸೀಳಿದ ಗಂಟಿ ಪೂಜಾಕ ಬರಂಗಿಲ್ಲ. ಮತ್ತ ಈ ಮುದುಕ ನಿಮ್ಮ ಮಾವನ್ಹಂಗ ಕಾಣತಾನ. ನಮ್ಮಪ್ಪಗ ನಾ ಪೂಜಿ ಮಾಡ್ಲೇನು?"

ಆದರೆ ಅವರಿಬ್ಬರ ನಿಜವಾದ ಜಗಳ ವಿಭೂತಿಯದು. ಬೆಳ್ಳಿ ಹೊಳೆಯಲು ನಮ್ಮ ಕಡೆ ವಿಭೂತಿ ಹಚ್ಚಿ ತಿಕ್ಕುತ್ತಾರೆ. ಅಮಾವಾಸ್ಯೆಯ ಹಿಂದಿನ ದಿನ ಆಯಿ ಒದ್ದೆ ಅರಿವೆಗೆ ವಿಭೂತಿ ಮೆತ್ತಿ, ಒಂದೊಂದು ನಾಣ್ಯವನ್ನು ತೊಡೆಯ ಮೇಲಿಟ್ಟು, ಕೂಸಿಗೆ ಎಣ್ಣೆ ಹಚ್ಚಿದಂತೆ ತಿಕ್ಕುತ್ತಿದ್ದಳು. ಕಪ್ಪು ಹೋಗಿ ಲಕಲಕ ಎನ್ನಬೇಕು. ಮುತ್ಯಾ ಅಂಗಡಿಯಿಂದಲೇ ಚಡಪಡಿಸುತ್ತಿದ್ದ. ಹಳೆಯ ನಾಣ್ಯಕ್ಕೆ ಬರುವ ಕಪ್ಪು ಕೊಳೆಯಲ್ಲ, ಅದರ ವಯಸ್ಸು. ತಿಕ್ಕಿದರೆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ತಿಕ್ಕಬ್ಯಾಡ ಅಂತ ಎಷ್ಟು ಸಲ ಹೇಳ್ಲಿ? ಮುಖ ಸವಿಯಾಕತ್ತದ. ಮೂಗ ಇಲ್ಲದಂಗ ಆಗ್ಯಾಳ ನೋಡು ಆಕಿ!"

"ವರ್ಷಕ್ಕೊಮ್ಮಿ ದೇವರಿಗಿ ಜಳಕ ಮಾಡಸಬಾರ್ದೇನ್ರಿ? ನೀವು ಎಂಟು ದಿವಸಕ್ಕೊಮ್ಮಿ ಮಾಡಿದ್ರ ಸಾಕು, ಆಕಿಗಿ ಬ್ಯಾಡೇನು?"

ಮುತ್ಯಾ ಮಷೀನಿನ ಗಾಲಿ ಜೋರಾಗಿ ತಿರುಗಿಸುತ್ತಿದ್ದ. ಉತ್ತರವಿಲ್ಲದಾಗ ಅವನು ಹೊಲಿಯುತ್ತಿದ್ದ.

ತಿಂಗಳಿಗೊಮ್ಮೆ ಮುತ್ಯಾ ಸೋಲಾಪುರಕ್ಕೆ ಸೂಜಿ, ದಾರ, ಗುಂಡಿ ತರಲು ಹೋಗುವಾಗ ನಾನು ಬೆನ್ನು ಹತ್ತುತ್ತಿದ್ದೆ. ಎಸ್‌ಟಿ ಕುಂಭಾರಿ ದಾಟಿದೊಡನೆ ಮುತ್ಯಾ ತೊಟ್ಟಿದ್ದ ಬಂಡಿ ಅಂಗಿಯ ಒಳಕಿಸೆಯಿಂದ ಒಂದು ಅರ್ಧ ಡಾಲರ್ ತೆಗೆದು ಬೆರಳ ತುದಿಯ ಮೇಲೆ ನಿಲ್ಲಿಸಿ, ಇನ್ನೊಂದು ನಾಣ್ಯದಿಂದ ಅದರ ಅಂಚಿಗೆ ಮೆಲ್ಲಗೆ ಬಡಿದು, ನನ್ನ ಕಿವಿಯ ಹತ್ತಿರ ತರುತ್ತಿದ್ದ. ಬಸ್ಸಿನ ಗದ್ದಲದಲ್ಲೂ ಅದು ಸಣ್ಣಗೆ, ಉದ್ದವಾಗಿ ಹಾಡುತ್ತಿತ್ತು. ಎಲ್ಲಿ ನಿಂತಿತು ಎಂದು ತಿಳಿಯದಂಥ ದನಿ. ಬೆಳ್ಳಿಯನ್ನು ಕಣ್ಣಿನಿಂದ ನೋಡಬಾರದು, ಕಿವಿಯಿಂದ ನೋಡಬೇಕು ಎಂದು ಅವನು ಕಲಿಸಿದ. ಮುಂದೆ ನನ್ನ ಮದುವೆಯಲ್ಲಿ ಬೀಗರು ತಂದ ಬೆಳ್ಳಿಯ ಕುಂಕುಮದ ಭರಣಿಯನ್ನು ನಾನು ಎಲ್ಲರೆದುರು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದು ನೋಡಿದೆ. ಅತ್ತೆ ಅದನ್ನು ಸಾಯುವವರೆಗೂ ಮರೆಯಲಿಲ್ಲ.

ಒಂದು ವರ್ಷ ದೀಪಾವಳಿಗೆ ವಾಗದರಿಯಿಂದ ಆಯಿಯ ಅಕ್ಕ ಬಂದಳು. ದೊಡ್ಡಾಯಿ ಎನ್ನುತ್ತಿದ್ದೆವು. ಯಾರ ಮನೆಗೆ ಹೋದರೂ ಅಲ್ಲಿ ಏನು ಸರಿಯಿಲ್ಲ ಎಂದು ಹೇಳುವುದು ಅವಳ ಉಡುಗೊರೆ. ಆ ವರ್ಷ ಅವಳ ಕಣ್ಣಿಗೆ ಹೊಸ ಚಾಳೀಸಿನ ಕನ್ನಡಕ ಬಂದಿತ್ತು. ಪೂಜೆಯ ತಾಟಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು.

"ಅಯ್ಯ ನಮ್ಮವ್ವ! ಇದೇನಬೇ, ನಿಂತ ಲಕ್ಷ್ಮಿ? ಕುಂತ ಲಕ್ಷ್ಮಿ ಮನ್ಯಾಗ ಇಡಬೇಕು. ನಿಂತಾಕಿ ನಿಲ್ಲಂಗಿಲ್ಲ."

ಆಯಿಯ ಮುಖ ಸಣ್ಣದಾಯಿತು. ದೊಡ್ಡಾಯಿ ಇನ್ನೂ ಬಾಗಿದಳು.

"ನಿಂತೂ ಇಲ್ಲ, ನಡದಾಳ! ಕಾಲ ನೋಡು, ಹೆಜ್ಜಿ ಹಾಕ್ಯಾಳ! ಇಷ್ಟ ವರ್ಷ ನಿಮ್ಮ ಮನ್ಯಾಗ ಏನೂ ಯಾಕ ಕೂಡಲಿಲ್ಲ ಅಂತ ಈಗ ತಿಳೀತು."

ಆಯಿ ತಾಟನ್ನೇ ನೋಡುತ್ತ ಕುಳಿತಿದ್ದಳು. ಬಾಗಿಲಿನಿಂದ ಜಗಲಿಯವರೆಗೆ ಶಾಂತಾ ಅತ್ಯಾ ರಂಗೋಲಿಯಲ್ಲಿ ಲಕ್ಷ್ಮಿಯ ಹೆಜ್ಜೆಗಳನ್ನು ಬರೆದಿದ್ದಳು, ಒಳಗೆ ಬರುವ ಪುಟ್ಟ ಹೆಜ್ಜೆಗಳು. ಆಯಿ ಆ ಹೆಜ್ಜೆಗಳನ್ನು ನೋಡಿದಳು, ತಾಟನ್ನು ನೋಡಿದಳು. ಆಮೇಲೆ ಒಂದೊಂದೇ ನಾಣ್ಯವನ್ನು ಅಕ್ಕಿಯ ಮೇಲೆ ತಿರುಗಿಸತೊಡಗಿದಳು. ಎಲ್ಲರ ಚಾಚಿದ ಕೈ ಜಗಲಿಯ ಕಡೆ, ಬೆನ್ನು ಬೀದಿಯ ಕಡೆ.

"ನಡದ್ರ ನಡೀಲಿ" ಎಂದಳು ಅಕ್ಕನಿಗೆ. "ಹೊರಗ ಯಾಕ ನಡೀತಾಳ? ಒಳಗ ಬರಾಕತ್ತಾಳ."

ದೊಡ್ಡಾಯಿ ಚಾಳೀಸು ತೆಗೆದು ಸೆರಗಿನಿಂದ ಒರೆಸತೊಡಗಿದಳು. ಅಂದಿನಿಂದ ನಾಣ್ಯಗಳ ದಿಕ್ಕು ನೋಡುವುದು ನನ್ನ ಕೆಲಸವಾಯಿತು. ಆಯಿಗೆ ದೀಪದ ಬೆಳಕಿನಲ್ಲಿ ಕೈ ಯಾವ ಕಡೆ ಎಂದು ಕಾಣುತ್ತಿರಲಿಲ್ಲ. ನಾನು ಹೊಟ್ಟೆಯ ಮೇಲೆ ಮಲಗಿ, ತಾಟಿನ ಸಮಕ್ಕೆ ಕಣ್ಣಿಟ್ಟು, ಎಲ್ಲರನ್ನೂ ಒಳಗೆ ಕಳಿಸುತ್ತಿದ್ದೆ.

ಮುಂದೊಂದು ವರ್ಷ ದೀಪಾವಳಿಗೆ ಒಂದು ತಿಂಗಳಿರುವಾಗ ಮನೆಯಲ್ಲಿ ದೊಡ್ಡ ಜಗಳ ಎದ್ದಿತು. ಶಾಂತಾ ಅತ್ಯಾಗೆ ಸೋಲಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕಲಿಯಲು ಜಾಗ ಸಿಕ್ಕಿತ್ತು. ಅಲ್ಲೇ ಹಾಸ್ಟೆಲ್, ಮೂರು ವರ್ಷ. ಅದೇ ಹೊತ್ತಿಗೆ ದೊಡ್ಡಾಯಿ ಮೈಂದರ್ಗಿಯಿಂದ ಒಂದು ಸಂಬಂಧ ತಂದಿದ್ದಳು. ಬಟ್ಟೆ ಅಂಗಡಿಯವರು, ದೀಪಾವಳಿ ಮುಗಿದ ಮೇಲೆ ನೋಡಲು ಬರುವವರು. ಅವರು ಬರುವುದರೊಳಗೆ ಅತ್ಯಾ ಹಾಸ್ಟೆಲ್ ಸೇರಬೇಕು, ಇಲ್ಲವಾದರೆ ಜಾಗ ಹೋಗುತ್ತದೆ. ಜಗಳ ಒಲೆಯ ಮುಂದೆಯೇ ನಡೆಯಿತು. ಅತ್ಯಾ ರೊಟ್ಟಿ ಬಡಿಯುತ್ತಿದ್ದಳು, ಆಯಿ ಹಂಚಿನ ಮೇಲೆ ಸುಡುತ್ತಿದ್ದಳು.

"ನರ್ಸ್ ಅಂದ್ರ ಏನ್ ಕೆಲಸ ಗೊತ್ತದ ಏನು? ಕಂಡಕಂಡವರ ಮೈ ಒರಸೂದು."

"ನಮ್ಮ ಅಪ್ಪನ ಅವ್ವ ಹಾಸಿಗಿ ಹಿಡದಾಗ ನೀ ಒರಸಲಿಲ್ಲೇನು?"

"ಅದು ಮನಿ."

"ಮನಿಯವರದೂ ಮೈನ, ಹೊರಗಿನವರದೂ ಮೈನ ಯವ್ವಾ."

"ನಾಲಿಗಿ ನೋಡು ನಾಲಿಗಿ! ಇದನ್ನ ತಗೊಂಡು ಮೈಂದರ್ಗಿಗಿ ಹೋಗು, ನಿಮ್ಮತ್ತಿ ಕೊಯ್ತಾಳ."

ಅತ್ಯಾ ಹಿಟ್ಟಿನ ಮೇಲೆ ಎಷ್ಟು ಜೋರಾಗಿ ಬಡಿದಳೆಂದರೆ ರೊಟ್ಟಿ ಹರಿದೇ ಹೋಯಿತು. ಅವ್ವ ಅದನ್ನು ಮತ್ತೆ ಉಂಡೆ ಮಾಡಿ ಅವಳ ಮುಂದೆ ಇಟ್ಟಳು. ಅಪ್ಪ, "ನನಗೇನ್ ಕೇಳಬ್ಯಾಡ್ರಿ, ಅವ್ವನ್ನ ಕೇಳ್ರಿ" ಎಂದು ಪೇಪರಿನ ಹಿಂದೆ ಹೋದ. ಮುತ್ಯಾ ಹೊಲಿದ. ನಾನು ಯಾರ ಕಡೆ? ನಾನು ಆಯಿಯ ಕಡೆ. ಅತ್ಯಾ ಹೋದರೆ ನನಗೆ ಆ ಎಣ್ಣೆಯ ವಾಸನೆಯ ಕೈ ಎಲ್ಲಿಂದ ಬರಬೇಕು? ಮೈಂದರ್ಗಿಗೆ ಹೋದರೂ ಅವಳು ಹೋದಂತೆಯೇ ಎಂದು ನನಗೆ ಹೊಳೆಯಲಿಲ್ಲ. ಯಾಕೆಂದರೆ ಅದನ್ನು ಮನೆಯಲ್ಲಿ ಯಾರೂ ಹೋಗುವುದು ಎನ್ನುತ್ತಿರಲಿಲ್ಲ, ಕೊಡುವುದು ಎನ್ನುತ್ತಿದ್ದರು.

ಆ ತಿಂಗಳು ಸರಾಫ ಕಟ್ಟೆಗೆ ಹೋದಾಗ ಸರಾಫ ಎಂದಿನಂತೆ, "ಯಾ ಮಾಸ್ತರ, ಬಸಾ" ಎಂದು ಮರಾಠಿಯಲ್ಲಿ ಕೂಡ್ರಲು ಹೇಳಿ ಗಾದಿ ಸರಿಸಿದ. ಆದರೆ ಮುಖದಲ್ಲಿ ನಗೆಯಿರಲಿಲ್ಲ. ಹೊಚ್ಚ ಹೊಸ ಅರ್ಧ ಡಾಲರ್ ಒಂದನ್ನು ಮುತ್ಯಾನ ಕೈಗಿಟ್ಟ. ಅದರ ಮೇಲೆ ತಲೆ ಬಾಚಿದ ಒಬ್ಬ ಗಂಡಸಿನ ಮುಖ. ಮುತ್ಯಾ ಬೆರಳ ಮೇಲೆ ನಿಲ್ಲಿಸಿ ಬಡಿದು ನನ್ನ ಕಿವಿಗೆ ಹಿಡಿದ. ಥಪ್ ಎಂದಿತು, ಅಷ್ಟೇ. ಅಂಚು ನೋಡಿದೆ. ಎರಡು ಬಿಳಿಯ ನಡುವೆ ತಾಮ್ರದ ಕೆಂಪು ಗೆರೆ, ಕೇಕಿನ ನಡುವಿನ ಜಾಮಿನ ಹಾಗೆ.

"ಸಂಪ್ಲಂ ಮಾಸ್ತರ, ಮುಗೀತು" ಎಂದ ಸರಾಫ. "ಅವರು ಇನ್ನ ಬೆಳ್ಳಿ ಹಾಕಂಗಿಲ್ಲಂತ. ಹಳೇವೂ ಬರವಲ್ಲವು. ಇದೊಂದು ಗಂಟಿನಾಗ ಉಳದಿತ್ತು, ನಿಮಗಂತ ತಗದಿಟ್ಟೀನಿ. ಇದ ಕೊನೇದು ಅಂತ ತಿಳೀರಿ."

ಕಾಗದ ಬಿಚ್ಚಿದ. ಇದ್ದಿಲಿನಷ್ಟು ಕಪ್ಪಾದ ಒಂದು ನಾಣ್ಯ, ನಮ್ಮ ಹೆಂಗಸಿನದು. ಆದರೆ ಅವಳು ನಮ್ಮ ಮನೆಯಲ್ಲಿದ್ದವರ ಹಾಗೆ ಇರಲಿಲ್ಲ. ಮೂಗಿತ್ತು, ತುಟಿಯಿತ್ತು, ಸೆರಗಿನ ಒಂದೊಂದು ನಿರಿಗೆ ಕಾಣುತ್ತಿತ್ತು, ಚಾಚಿದ ಕೈಗೆ ಬೆರಳುಗಳಿದ್ದವು. ಮುತ್ಯಾ ಚಾಳೀಸು ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ಮರಳುವಾಗ ಬಸ್ಸಿನಲ್ಲಿ ನನಗೆ ತಾಕೀತು ಮಾಡಿದ.

"ಸುಮಿ, ನಿಮ್ಮ ಆಯಿಗಿ ಹೇಳಬ್ಯಾಡ. ವಿಭೂತಿ ಹಚ್ಚಿ ಮೂಗು ಕೀಳತಾಳ."

ನಾನು ಹೇಳಲಿಲ್ಲ. ಅಂಥ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನಗೆ ಎಷ್ಟು ಬತ್ತಾಸು ಬೇಕಾಗುತ್ತದೆ ಎಂದು ಮುತ್ಯಾನಿಗೆ ಗೊತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ನಡುಮನೆಯಲ್ಲಿ ನಾವು ಮೂವರು, ಆಯಿ, ಅತ್ಯಾ, ನಾನು, ವಿಭೂತಿಯ ಅರಿವೆ ಹಿಡಿದು ಕುಳಿತಿದ್ದೆವು. ಆಯಿಗೂ ಅತ್ಯಾಗೂ ಮಾತು ನಿಂತು ಬಹಳ ದಿನವಾಗಿತ್ತು. "ಸುಮಿ, ನಿಮ್ಮ ಅತ್ಯಾಗ ಅರಿವಿ ಕೊಡು ಅನ್ನು", "ಸುಮಿ, ಅರಿವಿ ಇಲ್ಲೇ ಅದ ಅನ್ನು" ಎಂದು ಎಲ್ಲ ನನ್ನ ಮೂಲಕವೇ ನಡೆಯುತ್ತಿತ್ತು. ನಾನು ಆ ವರ್ಷ ಐದನೆಯ ಇಯತ್ತೆಗೆ ಬಂದು ಇಂಗ್ಲಿಷ್ ಅಕ್ಷರ ಕಲಿತಿದ್ದೆ. ಅಂಗಡಿಯ ಫಲಕ, ಎಸ್‌ಟಿಯ ಟಿಕೀಟು, ಬಿಸ್ಕೀಟಿನ ಪುಡಿಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ತಿಕ್ಕಿ ಹೊಳೆದ ನಾಣ್ಯದಲ್ಲಿ ಹೆಂಗಸಿನ ತಲೆಯ ಸುತ್ತ ಅಕ್ಷರಗಳಿದ್ದವು. ಒಂದೊಂದೇ ಕೂಡಿಸಿ ದೊಡ್ಡದಾಗಿ ಓದಿದೆ.

"ಲಿ... ಬ... ರ್ಟಿ. ಲಿಬರ್ಟಿ! ಅತ್ಯಾ, ಲಿಬರ್ಟಿ ಅಂದ್ರೇನು? ಲಕ್ಷ್ಮಿಗಿ ಇಂಗ್ಲಿಷ್‌ನಾಗ ಹಂಗಂತಾರೇನು?"

ಅತ್ಯಾ ಆಯಿಯ ಕಡೆ ನೋಡಿದಳು.

"ಸ್ವಾತಂತ್ರ್ಯ" ಎಂದಳು. "ಆಕಿ ಲಕ್ಷ್ಮಿ ಅಲ್ಲ ಸುಮಿ. ಅವರ ದೇಶದಾಗ ಸ್ವಾತಂತ್ರ್ಯ ಅಂದ್ರ ಹೆಣ್ಣುಮಗಳ ಚಿತ್ರ ತಗೀತಾರ."

ಆಯಿಯ ಕೈ ನಿಂತಿತು. ಎದ್ದಳು. ವಿಭೂತಿ ಮೆತ್ತಿದ ಕೈಯಲ್ಲೇ ನಾಣ್ಯ ಹಿಡಿದು ಅಂಗಡಿಯ ಹೊಸ್ತಿಲಿಗೆ ಹೋದಳು. ನಾನು ಬೆನ್ನ ಹಿಂದೆ.

"ಏನ್ರಿ, ಇಕಿ ಲಕ್ಷ್ಮಿ ಅಲ್ಲಂತ. ನಿಮಗ ಗೊತ್ತಿತ್ತೇನು?"

ಮುತ್ಯಾನ ಮಷೀನು ನಿಂತಿತು.

"ಗೊತ್ತಿತ್ತು."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಆಕಿ ಬಂದ ದಿವಸನ ನೀ ಕೈ ಮುಗದಿ. ನಿನಗೂ ಆಕಿಗೂ ನಡುವ ನಾ ಯಾಕ ಬರ್ಲಿ?"

ಆಯಿ ಬೈಯುತ್ತಾಳೆ ಎಂದು ನಾನು ಕಾದೆ. ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತು, ಅಂಗೈಯಲ್ಲಿ ನಾಣ್ಯವನ್ನು ಬೆಳಕಿಗೆ ಹಿಡಿದು, ಹೊಸದಾಗಿ ಮನೆಗೆ ಬಂದವಳನ್ನು ನೋಡುವಂತೆ ನೋಡಿದಳು.

"ಎಲ್ಲಿಗಿ ಹೊಂಟಾಳ ಇಕಿ?"

"ಸೂರ್ಯಾ ಹುಟ್ಟೋ ಕಡಿಗಿ."

"ಸಂಗಾಟ ಯಾರದಾರ?"

"ಯಾರಿಲ್ಲ. ಒಬ್ಬಾಕಿನ."

"ಒಬ್ಬಾಕಿನ" ಎಂದಳು ಆಯಿ, ತನಗೆ ತಾನೇ. ಆಮೇಲೆ, "ನೀವು ಅಸ್ಸಾಮಿಗಿ ಹೋದಾಗ ನಾ ವಾಗದರಿಗಿ ಅಕ್ಕನ ಮನಿಗಿ ಸುದ್ದಾ ಒಬ್ಬಾಕಿನ ಹೋಗಿದ್ದಿಲ್ಲ. ನಿಮ್ಮವ್ವ ಬಿಟ್ಟಿದ್ದಿಲ್ಲ" ಎಂದಳು. ಮುತ್ಯಾ ಗಾಲಿಯ ಮೇಲೆ ಕೈಯಿಟ್ಟ, ಆದರೆ ಹೊಲಿಯಲಿಲ್ಲ.

ಮರುದಿನ ಸಂಜೆ ಪೂಜೆ ನಡೆಯುತ್ತದೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಆಯಿ ಎಂದಿನಂತೆ ಅಕ್ಕಿ ಹರವಿದಳು. ಹಾಲು ಕಾಸಿ ಆರಿಸಿದಳು. ದೊಡ್ಡಾಯಿ ಬಂದು ಜಗಲಿಯ ಪಕ್ಕ ಗೋಡೆಗೆ ಒರಗಿದ್ದಳು, ಮೈಂದರ್ಗಿಯವರು ಪಾಡ್ಯದ ಮರುದಿನ ಬರುವರೆಂಬ ಸುದ್ದಿಯ ಜೊತೆಗೆ. ಅತ್ಯಾಳ ಕಣ್ಣುಗಳು ಕೆಂಪಾಗಿದ್ದವು. ಆಗ ಆಯಿ ಅಂಗಡಿಯ ಕಡೆ ಕೂಗಿದಳು.

"ಮಷೀನಿನ ಖಾನ್ಯಾಗ ಅಡಗಿಸಿ ಇಟ್ಟೀರಲಾ ಕಪ್ಪಾಕಿನ್ನ, ಆಕಿನ್ನೂ ಕರ್ಕೊಂಡು ಬರ್ರಿ. ಹಬ್ಬದ ದಿನ ಮನಿಯಾಕಿನ್ನ ಹೊರಗ ಕೂಡಸ್ತಾರೇನು?"

ಮುತ್ಯಾ ನನ್ನ ಕಡೆ ನೋಡಿದ. ನಾನು ದೇವರಾಣೆ ಹೇಳಿರಲಿಲ್ಲ. ಆಯಿಗೆ ಜಗಲಿಯ ಮುಂದೆ ಕುಳಿತರೆ ಅಂಗಡಿಯ ಖಾನೆಯೂ ಕಾಣುತ್ತಿತ್ತು ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ಅವನು ಕಪ್ಪು ನಾಣ್ಯ ತಂದು, ಕೊಡಲೋ ಬೇಡವೋ ಎಂದು ಹಿಡಿದು ನಿಂತ. ಆಯಿ ಅದನ್ನು ಹಾಲಿನಲ್ಲಿ ಅದ್ದಿದಳು, ವಿಭೂತಿ ಮುಟ್ಟಿಸಲಿಲ್ಲ. ಉಳಿದವರ ನಡುವೆ ಕೂಡಿಸಿದಳು.

"ಸುಮಿ, ದಿಕ್ಕ ನೋಡವಾ."

ನಾನು ಹೊಟ್ಟೆಯ ಮೇಲೆ ಮಲಗಿದೆ. ಆ ವರ್ಷ ನನಗೆ ಆ ಕೆಲಸದಲ್ಲಿ ಬಹಳ ಮನಸ್ಸಿತ್ತು. ಎಲ್ಲರ ಕೈ ಜಗಲಿಯ ಕಡೆ ಇದ್ದರೆ ಮನೆಯಿಂದ ಯಾರೂ ಹೋಗುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಒಂದೊಂದನ್ನೂ ಉಗುರಿನಿಂದ ತಿರುಗಿಸಿ, ಕೂದಲೆಳೆಯಷ್ಟೂ ಹೊರಳದಂತೆ ಅಕ್ಕಿಯಲ್ಲಿ ಒತ್ತಿ ಕೂಡಿಸಿದೆ. ಕಪ್ಪು ನಾಣ್ಯವನ್ನು ಎಲ್ಲಕ್ಕಿಂತ ಗಟ್ಟಿಯಾಗಿ. ಆಯಿ ಅರಿಷಿಣ ಕುಂಕುಮ ಏರಿಸಿದಳು, ಹೂ ಏರಿಸಿದಳು, ಆರತಿ ಎತ್ತಿದಳು. ಆರತಿಯ ತಟ್ಟೆ ಕೆಳಗಿಟ್ಟು ಕೈ ಮುಗಿದ ಮೇಲೆ, ಎರಡು ಬೆರಳಿನಿಂದ ಆ ಕಪ್ಪು ನಾಣ್ಯವನ್ನು ಹಿಡಿದು ತಿರುಗಿಸಿದಳು. ಕೈ ಬೀದಿಯ ಕಡೆ ಬಂತು.

ಕಣ್ಣು ಕಾಣದೆ ತಪ್ಪಿದಳು ಎಂದುಕೊಂಡು ನಾನು ಸರಿಪಡಿಸಿದೆ. ಆಯಿ ಮತ್ತೆ ತಿರುಗಿಸಿದಳು. ನಾನು ಮತ್ತೆ ಕೈ ಚಾಚಿದಾಗ ಮೆಲ್ಲಗೆ ಕೈ ಮೇಲೆ ಹೊಡೆದಳು.

"ಇರ್ಲಿ ಬಿಡು. ಬರೋಬರ್ ಅದ."

"ಆದ್ರ ಆಯಿ, ಆಕಿ ಹೊರಗ ಹೊಂಟಾಳ!"

"ಕಾಣತದ ನನಗ."

ದೊಡ್ಡಾಯಿ ಚಾಳೀಸು ಸರಿ ಮಾಡಿಕೊಂಡು ತಾಟಿಗೆ ಬಾಗಿದಳು. ಬಾಗಿದವಳು ತಲೆಯೆತ್ತುವ ಮೊದಲೇ ಆಯಿ ಹೇಳಿದಳು.

"ಅಕ್ಕಾ, ಮೈಂದರ್ಗಿಯವರಿಗಿ ಹೇಳಿ ಕಳಸು. ನಮ್ಮ ಹುಡುಗಿ ಊರಾಗ ಇಲ್ಲಂತ."

"ಇಲ್ಲೇ ಕುಂತಾಳಲ್ಲಬೇ! ಎಲ್ಲಿಗಿ ಹೋಗ್ಯಾಳ?"

"ಹೊಂಟಾಳ."

ಅತ್ಯಾ ಅಳುತ್ತಿದ್ದಳು, ಆದರೆ ನನ್ನ ದನಿ ಅವಳಿಗಿಂತ ಜೋರಾಗಿತ್ತು. ನಾನು ತಾಟಿನ ಪಕ್ಕ ಹೊರಳಾಡಿ ಅತ್ತೆ. ಯಾರೂ ನನ್ನನ್ನು ಸುಮ್ಮನಿರಿಸಲಿಲ್ಲ. ಅವ್ವ ಮಾತ್ರ ಬಾಯಿಗೆ ಒಂದು ಬತ್ತಾಸು ತುರುಕಿ ಹೋದಳು. ಅಳುತ್ತ ತಿಂದರೆ ಬತ್ತಾಸು ಎಷ್ಟು ರುಚಿ ಎಂದು ಅಂದೇ ತಿಳಿದದ್ದು.

ಅತ್ಯಾ ಹೋಗುವ ದಿನ ಆಯಿ ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಹಾಕಿ, ಆ ಕಪ್ಪು ನಾಣ್ಯವನ್ನೂ ಹಾಕಿದಳು. ಮುತ್ಯಾನನ್ನು ಕೇಳಲಿಲ್ಲ. ಅವನು ಅಲ್ಲೇ ನಿಂತು ನೋಡುತ್ತಿದ್ದ. ಚೀಲದಿಂದ ಒಂದು ನಾಣ್ಯ ಯಾರ ಕೈಗಾದರೂ ಹೋದರೆ ಮೂರು ದಿನ ಊಟ ಬಿಡುವ ಮನುಷ್ಯ. ಆಯಿಯ ಮುಖ ನೋಡಿದ. ಆಮೇಲೆ ಮಗಳ ಕಿವಿಯ ಹತ್ತಿರ ಹೋಗಿ, "ತಿಕ್ಕಬ್ಯಾಡ ಮತ್ತ" ಎಂದಷ್ಟೇ ಹೇಳಿದ.

ಬೆಳ್ಳಿಯ ಅರ್ಧ ಡಾಲರ್ ಬರುವುದು ನಿಂತುಹೋಗಿತ್ತು. ಸರಾಫ ಹೇಳಿದ್ದು ಸುಳ್ಳಾಗಲಿಲ್ಲ. ಆದರೆ ಮುತ್ಯಾ ತಿಂಗಳಿಗೊಮ್ಮೆ ಹೋಗುತ್ತಿದ್ದವನು ಹದಿನೈದು ದಿನಕ್ಕೊಮ್ಮೆ ಸೋಲಾಪುರಕ್ಕೆ ಹೋಗತೊಡಗಿದ. "ನಾಣ್ಯ ಏನರ ಬಂದಾವೇನು ನೋಡಿ ಬರ್ತೀನಿ" ಎನ್ನುತ್ತಿದ್ದ. ಆಯಿ ಅವನ ಕೈಚೀಲಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಎಳ್ಳಿನ ಉಂಡಿ ತುಂಬುತ್ತಿದ್ದಳು.

"ಇಷ್ಟೆಲ್ಲ ಯಾಕ?" ಎಂದು ಮುತ್ಯಾ ಗಂಭೀರವಾಗಿ ಕೇಳುತ್ತಿದ್ದ.

"ನಾಣ್ಯಕ್ಕ ಹಸಿವಾಗಿರತದ" ಎಂದು ಆಯಿ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದಳು.

ನಾನೂ ಬೆನ್ನು ಹತ್ತುತ್ತಿದ್ದೆ. ಸರಾಫ ಕಟ್ಟೆಯ ಕಡೆ ತಿರುಗದೆ ನೇರ ಹಾಸ್ಟೆಲಿಗೆ. ಅತ್ಯಾ ಬಿಳಿ ಸೀರೆಯಲ್ಲಿ, ಬಿಗಿದ ಕೂದಲಿನಲ್ಲಿ ಹೊರಗೆ ಬರುತ್ತಿದ್ದಳು. ಮೊದಲ ಸಲ ನಾನು ಅವಳ ಕೈ ಮೂಸಿ ನೋಡಿದೆ. ಎಣ್ಣೆಯ ವಾಸನೆ ಇರಲಿಲ್ಲ, ಎಂಥದೋ ಖಾರವಾದ ಔಷಧಿಯದು. ಸಿಟ್ಟು ಬಂತು. ಆದರೆ ಅವಳು ನಗುತ್ತಿದ್ದಳು, ನಮ್ಮ ಮನೆಯಲ್ಲಿ ಯಾವತ್ತೂ ನಗದಷ್ಟು ದೊಡ್ಡದಾಗಿ. ಮರಳುವಾಗ ಬಸ್ಸಿನಲ್ಲಿ ನನ್ನ ಸಿಟ್ಟು ಕುಂಭಾರಿಯವರೆಗೆ ಇತ್ತು, ಆಮೇಲೆ ನಿದ್ದೆ ಬಂತು. ಅವಳ ಕೈಯ ವಾಸನೆಯಿಲ್ಲದೆ ನನಗೆ ಮೊದಲ ಸಲ ಸುಖವಾಗಿ ನಿದ್ದೆ ಬಂದದ್ದು ಬಹುಶಃ ಆ ಎಸ್‌ಟಿಯಲ್ಲೇ, ಮುತ್ಯಾನ ತೊಡೆಯ ಮೇಲೆ.

ಮುಂದಿನ ದೀಪಾವಳಿಗೆ ಅತ್ಯಾ ರಜೆಯ ಮೇಲೆ ಬಂದಳು. ಚೀಲ ಇಳಿಸುವುದಕ್ಕೂ ಬಿಡದೆ ಮುತ್ಯಾ ಕೈ ಚಾಚಿದ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಚೀಲದಿಂದ ನಾಣ್ಯ ತೆಗೆದು ಕೊಟ್ಟಳು. ಅವನು ಬೀದಿಯ ಬಿಸಿಲಿಗೆ ಹೋಗಿ ಹಿಡಿದು ನೋಡಿದ, ಮಕ್ಕಳ ಹಾಗೆ ಕೂಗಿದ.

"ಮೂಗದ! ಏ, ನೋಡಿಲ್ಲಿ, ಇದಕ್ಕೊಂದಕ್ಕ ಮೂಗು ಉಳದದ!"

"ನನ್ನ ಕೈಯಾಗಿದ್ದಿದ್ರ ಲಕಲಕ ಅಂತಿತ್ತು" ಎಂದಳು ಆಯಿ ಒಳಗಿನಿಂದ.

"ಲಕಲಕ ಅಂತಿತ್ತು, ಖರೆ. ಮೂಗು ಇರ್ತಿದ್ದಿಲ್ಲ."

ಆ ಸಂಜೆ ಆಯಿ ನನ್ನನ್ನು ದಿಕ್ಕು ನೋಡಲು ಕರೆಯಲಿಲ್ಲ. "ಆಕಿದು ಆಕಿನ ಇಡ್ಲಿ" ಎಂದಳು. ಅತ್ಯಾ ತಾನೇ ಇಟ್ಟಳು, ಕೈ ಜಗಲಿಯ ಕಡೆ. ಪಾಡ್ಯದ ಮರುದಿನ ಬೆಳಗ್ಗೆ ಎಸ್‌ಟಿಯ ಹೊತ್ತಾದಾಗ ತಾನೇ ಎತ್ತಿಕೊಂಡಳು.

ಈಗ ಆ ನಾಣ್ಯಗಳೆಲ್ಲ ನನ್ನ ಬಳಿ ಇವೆ. ಅತ್ಯಾ ನೌಕರಿ ಮುಗಿಸಿದ ವರ್ಷ ತನ್ನದನ್ನೂ ತಂದು ಮಖಮಲ್ಲಿನ ಚೀಲಕ್ಕೆ ಹಾಕಿದಳು. ಅದರ ಮೂಗಿಗೆ ಇನ್ನೂ ಏನೂ ಆಗಿಲ್ಲ. ಉಳಿದ ಹೆಂಗಸರ ಮುಖ ಚಮಚೆಯ ಒಳಮೈಯಷ್ಟು ನುಣುಪು. ಅವುಗಳಿಗೆ ಬೆಳ್ಳಿಯ ತೂಕಕ್ಕಿಂತ ಹೆಚ್ಚು ಬೆಲೆ ಕಟ್ಟುವವರು ಯಾರೂ ಇಲ್ಲ ಎಂದು ಪಿಂಕಿ ಫೋನಿನಲ್ಲಿ ನೋಡಿ ಹೇಳಿದ್ದಾಳೆ. ತಿಕ್ಕಿದ ನಾಣ್ಯ ಸಂಗ್ರಾಹಕರಿಗೆ ಬೇಡವಂತೆ. ಮುತ್ಯಾ ಇದ್ದಿದ್ದರೆ ಈ ಮಾತನ್ನು ಆಯಿಗೆ ಕೇಳುವಂತೆ ಹತ್ತು ಸಲ ಓದಿಸುತ್ತಿದ್ದ. ಹೋದ ದೀಪಾವಳಿಗೆ ತಾಟಿನ ಮುಂದೆ ನನ್ನ ಹಾಗೆಯೇ ಹೊಟ್ಟೆಯ ಮೇಲೆ ಮಲಗಿ ಪಿಂಕಿ ಒಂದೊಂದರ ಮುಖವನ್ನೂ ಹೆಬ್ಬೆರಳಿನಿಂದ ಸವರಿ ನೋಡಿದಳು.

"ಅಜ್ಜಿ, ಇವರದೆಲ್ಲ ಮುಖ ಎಲ್ಲಿ ಹೋತು?"

"ನಮ್ಮ ಆಯಿಗಿ ಇವರ ಮ್ಯಾಲ ಭಾಳ ಜೀವ. ವರ್ಷಾ ತಿಕ್ಕತಿದ್ಲು."

"ಮತ್ತ ಇಕಿದು?" ಎಂದು ಕಪ್ಪು ನಾಣ್ಯವನ್ನು ಎತ್ತಿ ತೋರಿಸಿದಳು.

"ಇಕಿ ಮ್ಯಾಲೂ ಅಷ್ಟ ಜೀವ ಇತ್ತು" ಎಂದೆ. "ಅದಕ್ಕ ತಿಕ್ಕಲಿಲ್ಲ."